ಬ್ರೇಕಮ್ಮನ ಬಾಣಂತನ

ನನ್ನ ಅಕ್ಕ ಡ್ರೈವಿಂಗ್ ಸ್ಕೂಲಿನಲ್ಲಿ ಕಾರು ಕಲಿಸುತ್ತಾಳೆ. ಕಲಿಯುವವರ ಕಾಲ ಬಳಿ ಇರುವ ಹಾಗೆಯೇ ಪಕ್ಕದ ಸೀಟಿನಲ್ಲಿ ಕೂರುವ ಅವಳ ಕಾಲ ಬಳಿಯೂ ಒಂದು ಬ್ರೇಕ್ ಇದೆ. ಸ್ಟೀರಿಂಗ್ ಇಲ್ಲ, ಹಾರ್ನ್ ಇಲ್ಲ, ಬ್ರೇಕ್ ಮಾತ್ರ. ಈ ಏರ್ಪಾಟಿನಲ್ಲಿ ವರ್ಷಗಟ್ಟಲೆ ಕುಳಿತವರಿಗೆ ಲೋಕದ ಬಗ್ಗೆ ಒಂದು ಅಭಿಪ್ರಾಯ ಬಂದೇ ಬರುತ್ತದೆ. ಎದುರಿಗೆ ಬರುವವರನ್ನು ನಂಬಬಾರದು, ಪಕ್ಕದಲ್ಲಿ ಕೂತವರ ವಿಷಯವನ್ನಂತೂ ಕೇಳಲೇಬೇಡಿ ಎನ್ನುವುದು ಅಕ್ಕನ ಅಭಿಪ್ರಾಯ. ಕಲಿಯಲು ಬಂದವರು ಅವಳಿಗೆ ಬ್ರೇಕಮ್ಮ ಎಂದು ಹೆಸರಿಟ್ಟಿದ್ದಾರೆ. ಅದು ಅವಳಿಗೆ ಗೊತ್ತಿಲ್ಲವೆಂದು ಪಾಪ ಅವರು ತಿಳಿದಿದ್ದಾರೆ.

ಈ ಕೆಲಸದವರಿಗೆ ಅಂಟುವ ಚಾಳಿಯೊಂದು ಅವಳಿಗೂ ಅಂಟಿದೆ. ಭಯವಾದರೆ ಬಲಗಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ, ಉಸಿರು ನಿಲ್ಲುತ್ತದೆ, ಮೈಯೆಲ್ಲ ಬಿಗಿಯುತ್ತದೆ. ಟಿವಿಯಲ್ಲಿ ಯಾರೋ ಜೀಪು ಓಡಿಸಿದರೂ ಇವಳು ಸೋಫಾದ ಮೇಲೆ ಕೂತು ಒತ್ತುತ್ತಾಳೆ. ಭಾವ ಗಾಡಿ ಓಡಿಸುವಾಗ ಒತ್ತಿ ಒತ್ತಿ ಕಾಲಡಿಯ ಮ್ಯಾಟು ತೂತು ಬಿದ್ದಿದೆ. ಭಾವನವರದು ಕನ್ನಡಕದ ಅಂಗಡಿ. ಜನರ ದೃಷ್ಟಿ ಸರಿಮಾಡುವ ಅವರಿಗೆ ಪಕ್ಕದಲ್ಲಿ ನುಗ್ಗುವ ಲಾರಿ ಮಾತ್ರ ಕಾಣುವುದಿಲ್ಲ. ಹಾಗಾಗಿ ಮ್ಯಾಟಿನ ವಿಷಯದಲ್ಲಿ ನಾನು ಅಕ್ಕನ ಪಕ್ಷ.

ಮೂವತ್ತನಾಲ್ಕನೇ ವಯಸ್ಸಿಗೆ ಅಕ್ಕ ಬಸುರಾದಳು. ಆಸ್ಪತ್ರೆಯಲ್ಲಿ ಬಸುರಿಯರಿಗೆ ತಿಳಿವಳಿಕೆ ಕೊಡುವ ತರಗತಿ ನಡೆಯುತ್ತಿತ್ತು, ಅದಕ್ಕೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿನ ದೊಡ್ಡ ನರ್ಸು ಒಂದು ಬಟ್ಟೆ ಗೊಂಬೆಯನ್ನೂ ಪ್ಲಾಸ್ಟಿಕ್ಕಿನ ಸೊಂಟದ ಮೂಳೆಯನ್ನೂ ಹಿಡಿದು, ಮಗು ಹೇಗೆ ತಿರುಗಿ ತಿರುಗಿ ಹೊರಗೆ ಬರುತ್ತದೆಂದು ತೋರಿಸಿದಳು. "ಕೆಲವು ಸಲ ಮಗು ತಾನಾಗಿ ಬರಲ್ಲ. ಆಗ ತಲೆಗೆ ಗಾಳಿ ಹೀರಿ ಅಂಟೋ ಬಟ್ಟಲು ಹಾಕಿಯೋ ಇಕ್ಕಳ ಹಾಕಿಯೋ ಎಳೆದು ಡಾಕ್ಟರ್ ಸಹಾಯ ಮಾಡ್ತಾರೆ," ಎಂದು ಅವಳು ಶುರುಮಾಡಿದ ಕೂಡಲೇ ಅಕ್ಕ ಎದ್ದು ಕಾಫಿ ಕುಡಿಯಲು ಹೋದಳು. ಆ ಪಾಠ ಬೇರೆಯವರಿಗೆ ಎಂಬುದು ಅವಳ ಎಣಿಕೆ. ನಾನು ಸುಮ್ಮನೆ ಕೂತು ಕೇಳಿಸಿಕೊಂಡೆ, ಗೊಂಬೆಯ ತಲೆ ಒಮ್ಮೆ ಕಳಚಿ ಬಿದ್ದದ್ದನ್ನು ಅಕ್ಕನಿಗೆ ಹೇಳಲಿಲ್ಲ.

ಹೆರಿಗೆಯ ದಿನ ಜೊತೆಗೆ ಒಳಗೆ ಹೋದವಳೂ ನಾನೇ. ಭಾವ ಗಡ್ಡ ಮಾಡಿಕೊಳ್ಳುವಾಗ ಗೀರಿಕೊಂಡರೆ ಕುರ್ಚಿ ಹುಡುಕುವವರು. ಅವರನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅವರನ್ನು ನೋಡಿಕೊಳ್ಳಲು ಅಮ್ಮನನ್ನು ಕೂರಿಸಿ ನಾನು ಒಳಗೆ ಹೋದೆ.

ಬೆಳಗಿನಿಂದ ಅಕ್ಕ ನೋವು ಬಂದಾಗಲೆಲ್ಲ ತಳ್ಳಿದಳು. ಊಟದ ಗಾಡಿ ವಾರ್ಡಿನಲ್ಲಿ ಕಡಕಡ ಎನ್ನುತ್ತ ಬಂದು ಹೋಯಿತು, ಮಗು ಬರಲಿಲ್ಲ. ಕೊನೆಗೆ ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿ, ಅಕ್ಕನ ಮುಖದ ಹತ್ತಿರ ಬಗ್ಗಿ ಹೇಳಿದರು. "ಮಗು ಮುಖ ಮೇಲೆ ಮಾಡ್ಕೊಂಡು ಬರ್ತಾ ಇದೆ. ಎದೆಬಡಿತ ಸ್ವಲ್ಪ ಇಳೀತಾ ಇದೆ. ನೀವೂ ಸುಸ್ತಾಗಿದ್ದೀರಿ. ತಲೆಗೆ ಬಟ್ಟಲು ಹಾಕಿ ಎಳೀಬೇಕಾಗುತ್ತೆ. ಒಪ್ಪಿಗೆನಾ?"

"ನೋವಾಗುತ್ತಾ?"

"ಮರಗಟ್ಟೋ ಹಾಗೆ ಇಂಜೆಕ್ಷನ್ ಕೊಡ್ತೀವಿ. ಎಳೆಯೋದು ಗೊತ್ತಾಗುತ್ತೆ. ಮೊದಲು ನಳಿಕೆ ಹಾಕಿ ಮೂತ್ರ ತೆಗೀತೀವಿ. ಜಾಗ ಸಾಲದಿದ್ರೆ ಚೂರು ಕೊಯ್ದು ಆಮೇಲೆ ಹೊಲಿಗೆ ಹಾಕ್ತೀವಿ. ಮಕ್ಕಳ ಡಾಕ್ಟರೂ ಬಂದು ನಿಂತಿರ್ತಾರೆ, ಅಷ್ಟೊಂದು ಜನ ನೋಡಿ ಹೆದರ್ಬೇಡಿ. ನೋವು ಬಂದಾಗ ನೀವು ತಳ್ಳಿ, ಅದೇ ಹೊತ್ತಿಗೆ ನಾನು ಎಳೀತೀನಿ. ಎರಡು ಮೂರು ಸಲಕ್ಕೆ ಬರದಿದ್ರೆ ಆಪರೇಷನ್ನು."

ಅಕ್ಕ ಯೋಚನೆ ಮಾಡಿದಳು. "ಹಾಗಾದ್ರೆ ಗಾಡಿ ಯಾರ ಕೈಲಿರುತ್ತೆ?"

"ಇಬ್ಬರ ಕೈಲೂ," ಎಂದರು ಡಾಕ್ಟರಮ್ಮ.

"ಅದೆಲ್ಲಾದ್ರೂ ಉಂಟಾ," ಎಂದಳು ಅಕ್ಕ. ಆದರೂ ಒಪ್ಪಿದಳು.

ಕಾಲುಗಳನ್ನು ಎತ್ತಿ ಮಂಚದ ಆಸರೆಗಳ ಮೇಲೆ ಇಟ್ಟರು. ಕೋಣೆಯ ತುಂಬ ಜನ ಸೇರಿದರು, ಯಾರೂ ಯಾರನ್ನೂ ಪರಿಚಯ ಮಾಡಿಕೊಡಲಿಲ್ಲ. ನೋವು ಬಂತು, ಡಾಕ್ಟರಮ್ಮ ಎಳೆದರು. ಅಕ್ಕ ಉಸಿರು ಕಟ್ಟಿ, ಹಲ್ಲು ಕಚ್ಚಿ, ಬಲಗಾಲಿನಿಂದ ಆಸರೆಯನ್ನು ಒದ್ದ ರಭಸಕ್ಕೆ ಮಂಚವೇ ಅಲುಗಾಡಿತು. ಮುಂದಿನ ನೋವಿಗೂ ಅದೇ ಕಥೆ.

"ಇವರು ಕಾಲು ಯಾಕೆ ಹೀಗೆ ಒದೀತಾರೆ?" ದೊಡ್ಡ ನರ್ಸು ನನ್ನನ್ನು ಕೇಳಿದಳು.

"ಬ್ರೇಕ್ ಒತ್ತುತ್ತಾ ಇದ್ದಾಳೆ," ಎಂದೆ.

ದೊಡ್ಡ ನರ್ಸು ಈ ಕೋಣೆಯಲ್ಲಿ ಇನ್ನೂ ಏನೇನು ಕೇಳಿದ್ದಳೋ, ಮುಖದ ಒಂದು ಗೆರೆಯೂ ಮಿಸುಕಲಿಲ್ಲ. "ಬಿಡೋಕೆ ಹೇಳಿ," ಎಂದಳು.

ನಾನು ಅಕ್ಕನ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. "ಅಕ್ಕಾ, ಕಾಲು ತೆಗಿ. ಗಾಡಿ ಹೋಗ್ಲಿ." ಅವಳು ನನ್ನನ್ನು ಕೊಂದುಬಿಡುವ ಹಾಗೆ ನೋಡಿದಳು. ಆಮೇಲೆ ಒಂದು ಕೂಗು ಹಾಕಿ ತಳ್ಳಿದಳು, ಮಗು ಬಂತು. ಹೆಣ್ಣು. ನೆತ್ತಿಯ ಮೇಲೆ ಬೋರಲು ಹಾಕಿದ ಬಟ್ಟಲಿನಂತೆ ಒಂದು ಊತ, ಸುತ್ತ ಕೆಂಪು ಗೆರೆ. ಮಕ್ಕಳ ಡಾಕ್ಟರು ತಡವಿ ನೋಡಿ, "ಏನೂ ಇಲ್ಲ, ಎರಡು ದಿನಕ್ಕೆ ಇಳಿಯುತ್ತೆ," ಎಂದರು. ಹೊರಗೆ ಭಾವ ಮಗುವನ್ನು ಬಹಳ ಹೊತ್ತು ನೋಡಿದರು. ಅವರಿಗೆ ತೋಚಿದ್ದು ಒಂದೇ ಮಾತು. "ಕಿವಿ ಎರಡೂ ಒಂದೇ ಮಟ್ಟದಲ್ಲಿದೆ. ಫ್ರೇಮು ಚೆನ್ನಾಗಿ ಕೂರುತ್ತೆ." ಹೇಳಿ ಮುಗಿಸುವಷ್ಟರಲ್ಲಿ ಅವರ ಕನ್ನಡಕ ಒದ್ದೆಯಾಗಿತ್ತು.

ಮಾರನೆಯ ದಿನ ಮೂತ್ರದ ನಳಿಕೆ ತೆಗೆದ ಮೇಲೆ ದೊಡ್ಡ ನರ್ಸು ಬಂದು ಪಾಠ ಹೇಳಿದಳು. ಹೊಲಿಗೆ ತಾನಾಗಿ ಕರಗುತ್ತದೆ, ಒಂದೆರಡು ವಾರ ನೋವಿರುತ್ತದೆ, ಮಾತ್ರೆ ತಪ್ಪಿಸಬೇಡಿ. ಮೂತ್ರ ಮಾಡುವಾಗ ಉಗುರು ಬೆಚ್ಚಗಿನ ನೀರು ಹೊಯ್ದುಕೊಂಡರೆ ಉರಿ ಕಡಿಮೆ. ನೀರು, ಹಣ್ಣು ಚೆನ್ನಾಗಿ ತಗೊಳ್ಳಿ, ಕಕ್ಕಸಿನಲ್ಲಿ ತಿಣುಕಬೇಡಿ. ಜ್ವರ ಬಂದರೆ, ವಾಸನೆ ಬಂದರೆ, ರಕ್ತ ಜಾಸ್ತಿ ಹೋದರೆ, ಮೀನಖಂಡ ಊದಿ ನೋವಾದರೆ ಕೂಡಲೇ ಬನ್ನಿ. "ಮೂತ್ರ ಸೋರಿದ್ರೂ ಹೇಳಿ. ನಾಚ್ಕೋಬೇಡಿ," ಎಂದಳು. ಅಕ್ಕ ಎಲ್ಲಕ್ಕೂ ತಲೆಯಾಡಿಸಿದಳು. ಕೊನೆಯ ಮಾತಿನ ಹೊತ್ತಿಗೆ ಅವಳ ಮುಖದಲ್ಲಿ ಕಾಫಿ ಕುಡಿಯಲು ಹೋಗುವ ಕಳೆ ಬಂದಿತ್ತು.

ತಾಯಿ ಮಗು ಮನೆಗೆ ಬಂದರು. ಕೂತು ಸಂಪಾದಿಸುವವಳಿಗೆ ಕೂರುವುದೇ ದೊಡ್ಡ ಕೆಲಸವಾಯಿತು. ಒಂದು ಪಕ್ಕಕ್ಕೆ ವಾಲಿ, ದಿಂಬಿನ ಅಂಚಿನಲ್ಲಿ ಒರಗಿ, ಮಲಗಿಕೊಂಡೇ ಮಗುವಿಗೆ ಹಾಲು ಕೊಟ್ಟಳು. ಮಗುವಿನ ತಲೆಯ ಊತ ಡಾಕ್ಟರು ಹೇಳಿದಂತೆಯೇ ಇಳಿಯಿತು. ಹೊಲಿಗೆಯ ನೋವೂ ದಿನದಿಂದ ದಿನಕ್ಕೆ ತಗ್ಗಿತು. ಅಮ್ಮ ನೋಡಿಕೊಳ್ಳಲು ಬಂದು ಉಳಿದಳು. ಅಕ್ಕ ಉಸ್ಸೆಂದರೆ, "ಹೆತ್ತ ಮೇಲೆ ಇದೆಲ್ಲ ಇದ್ದದ್ದೇ, ಸುಮ್ನಿರು," ಎಂದು ಬಟ್ಟೆ ಮಡಚುವುದನ್ನು ಮುಂದುವರಿಸುತ್ತಿದ್ದಳು. ಅಮ್ಮನ ವೈದ್ಯವೆಲ್ಲ ಈ ಒಂದು ಮಾತಿನಲ್ಲಿ ಮುಗಿಯುತ್ತಿತ್ತು.

ಅಕ್ಕ ಒಳಬಟ್ಟೆಗಳನ್ನು ತಾನೇ ಒಗೆಯುತ್ತಿದ್ದಾಳೆಂದು ನಾನು ಗಮನಿಸಿದ್ದು ಆಮೇಲೆ. ಬಚ್ಚಲಿನ ಬಾಗಿಲು ಹಾಕಿಕೊಂಡು ಒಗೆದು, ಬಕೆಟ್ಟಿನ ಹಿಂದೆ ಒಣಗಿಸುತ್ತಿದ್ದಳು. ಒಂದು ಮಧ್ಯಾಹ್ನ ನೇರವಾಗಿ ಕೇಳಿಬಿಟ್ಟೆ. ಮೊದಲು ನನ್ನ ಮೇಲೆ ರೇಗಿದಳು, ಆಮೇಲೆ ಹೇಳಿದಳು.

"ಸೀನಿದ್ರೆ ಹೋಗುತ್ತೆ. ನಕ್ಕರೂ ಹೋಗುತ್ತೆ. ಮಗು ಎತ್ಕೊಂಡು ಎದ್ರೆ ಹೋಗುತ್ತೆ."

"ನರ್ಸು ಹೇಳಿದ್ಳಲ್ಲ, ಡಾಕ್ಟರಿಗೆ ಹೇಳು ಅಂತ."

"ಏನಂತ ಹೇಳ್ಲಿ? ನಾನು ಒಳಗೆ ಬಿಗಿಹಿಡಿದೆ, ಅವರು ಹೊರಗೆ ಎಳೆದ್ರು. ನಡುವೆ ಇದ್ದದ್ದು ಹರಿದು ಹೋಯ್ತು. ಮಗು ತಲೆ ಊದಿದ್ದೂ ನನ್ನಿಂದಾನೇ. ಬ್ರೇಕಮ್ಮ ಅಂತೆ. ನೋಡು ಈಗ."

ಹಾಗೆಂದು ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಬರುತ್ತಿತ್ತು. ಸ್ಕೂಲಿನ ಯಜಮಾನರು ಆಗಲೇ ಫೋನು ಮಾಡಿ, ಯಾವಾಗ ಬರುತ್ತೀರಿ, ಇನ್ನೊಬ್ಬರನ್ನು ನೋಡಲೇ ಎಂದು ಕೇಳಿದ್ದರು. ಬರುವ ತಿಂಗಳು ಬಂದೇ ಬರುತ್ತೇನೆಂದು ಇವಳು ಕಡ್ಡಿ ಮುರಿದ ಹಾಗೆ ಹೇಳಿದ್ದಳು. ಆ ಸೀಟು ಹೋದರೆ ತಾನು ಮತ್ತೇನೂ ಅಲ್ಲ ಎಂದು ಅವಳೇ ತೀರ್ಮಾನಿಸಿಬಿಟ್ಟಿದ್ದಳು. ನನಗೆ ಹೆದರಿಕೆಯಾಯಿತು.

ಬೇಡವೆಂದರೂ ಕೇಳದೆ ಒಂದು ದಿನ ಸ್ಕೂಲಿಗೆ ಹೋಗಿ, ಯಜಮಾನರ ಎದುರೇ ತನ್ನ ಸೀಟಿನಲ್ಲಿ ಕೂತು ಒಂದು ಸುತ್ತು ಹೋಗಿ ಬರೋಣ ಎಂದಳು. ನಾನು ಹಿಂದಿನ ಸೀಟಿನಲ್ಲಿದ್ದೆ. ಓಡಿಸಿದವರು ಯಜಮಾನರೇ. ತಿರುವಿನಲ್ಲಿ ಒಂದು ಸ್ಕೂಟರು ಅಡ್ಡ ಬಂತು, ಇಬ್ಬರೂ ಒಟ್ಟಿಗೆ ಒತ್ತಿದರು, ಗಾಡಿ ನಿಂತಿತು. "ಕಾಲು ಮರೆತಿಲ್ಲ ನೋಡಿ," ಎಂದು ಯಜಮಾನರು ಮೆಚ್ಚಿ ನಕ್ಕರು. ಅಕ್ಕನೂ ನಕ್ಕಳು. ವಾಪಸ್ಸು ಬಂದ ಮೇಲೆ ಅವರು ಇಳಿದು ಆಫೀಸಿನೊಳಗೆ ಹೋಗಿ ಬಾಗಿಲು ಹಾಕಿಕೊಳ್ಳುವವರೆಗೆ ಅವಳು ಏಳಲಿಲ್ಲ. ಆಮೇಲೆ ನನ್ನ ಶಾಲು ಕೇಳಿ ಸೊಂಟಕ್ಕೆ ಸುತ್ತಿಕೊಂಡಳು. ಸೀಟು ಒರೆಸಿದ್ದು ನಾನು.

ಆರು ವಾರದ ತಪಾಸಣೆ ಆ ವಾರದಲ್ಲೇ ಇತ್ತು. ಡಾಕ್ಟರಮ್ಮ ಮಗುವನ್ನು ನೋಡಿದರು, ಹೊಲಿಗೆ ನೋಡಿದರು, ಕೂಡಿದೆ ಎಂದರು. "ಬೇರೆ ಏನಾದ್ರೂ ತೊಂದರೆ?"

"ಏನಿಲ್ಲ."

"ಕೂರೋಕೆ ಆಗುತ್ತಾ?"

"ಆರಾಮಾಗಿ."

ನನ್ನ ನಾಲಿಗೆಯ ತುದಿಗೆ ಬಂದಿತ್ತು, ಹೇಳಲಿಲ್ಲ. ಹೇಳಿದ್ದರೆ ಅವಳು ಜನ್ಮದಲ್ಲಿ ನನ್ನನ್ನು ಕ್ಷಮಿಸುತ್ತಿರಲಿಲ್ಲ. ಅಕ್ಕ ಬಾಗಿಲ ಹಿಡಿಗೆ ಕೈಹಾಕಿದಳು. ಅರ್ಧ ತೆಗೆದು, ಹಿಡಿ ಹಿಡಿದುಕೊಂಡೇ ನಿಂತಳು. ಹೊರಗೆ ಕಾಯುತ್ತಿದ್ದ ಹೆಂಗಸೊಬ್ಬಳು ಒಳಗೆ ಬರಲು ಎದ್ದಳು, ಮತ್ತೆ ಕೂತಳು.

"ಡಾಕ್ಟರೇ, ಸುಳ್ಳು ಹೇಳ್ದೆ."

"ಬನ್ನಿ, ಕೂತ್ಕೊಳ್ಳಿ."

"ಜಾಸ್ತಿ ಹೊತ್ತು ಕೂರೋಕಾಗಲ್ಲ. ಅದೂ ಸುಳ್ಳು ಹೇಳ್ದೆ."

ನಿಂತುಕೊಂಡೇ ಎಲ್ಲ ಹೇಳಿದಳು. ಸೀನು, ನಗು, ಸ್ಕೂಟರು, ಶಾಲು. ತಾನು ಕಾಲು ಒತ್ತಿದ್ದನ್ನು ಮಾತ್ರ ಎರಡು ಸಲ ಹೇಳಿದಳು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

"ಮಗು ಮೇಲ್ಮುಖವಾಗಿತ್ತು, ಅದಕ್ಕೆ ಬರಲಿಲ್ಲ. ನಿಮ್ಮ ಕಾಲಿಂದಲ್ಲ. ಕಾಲು ಒತ್ತಿದ್ರೆ ಹೆರಿಗೆ ನಿಲ್ಲೋ ಹಾಗಿದ್ರೆ ನಾನು ರಾತ್ರಿ ಹೊತ್ತು ಮನೇಲಿ ನಿದ್ದೆ ಮಾಡ್ತಿದ್ದೆ. ಹೀಗೆ ಎಳೆದು ಹೆರಿಗೆ ಆದ ಮೇಲೆ ಕೆಳಗಿನ ಸ್ನಾಯು ಸಡಿಲ ಆಗೋದು, ಸೋರೋದು, ಎಷ್ಟೋ ಜನಕ್ಕೆ ಆಗುತ್ತೆ. ಹೆಚ್ಚಿನವರಿಗೆ ವ್ಯಾಯಾಮದಲ್ಲಿ ಸರಿಹೋಗುತ್ತೆ. ಆಗದಿದ್ರೆ ಬೇರೆ ದಾರಿ ಇದೆ. ಹೇಳಿದ್ದು ಒಳ್ಳೇದಾಯ್ತು."

ಆಗ ಅಕ್ಕ ಅತ್ತಳು. ಮೂಗು ಸುರಿಯುವಂತೆ, ಸದ್ದು ಮಾಡಿ ಅತ್ತಳು. ಆರು ವಾರದಿಂದ ಮಗುವಿಗೆ ತಾನು ಕೇಡು ಮಾಡಿದೆ ಎಂದುಕೊಂಡು ಹಾಲು ಕೊಟ್ಟವಳ ಅಳು ಅದು. ಅತ್ತು ಮುಗಿಸಿ, ಅಳುವಾಗಲೂ ಸ್ವಲ್ಪ ಹೋಯಿತೆಂದು ಡಾಕ್ಟರಿಗೆ ವರದಿ ಮಾಡಿದಳು.

ವ್ಯಾಯಾಮದ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಹೇಳಿಕೊಡುವವಳು ಸಣ್ಣಗೆ, ಚುರುಕಾಗಿದ್ದ ಹೆಂಗಸು. ಮೂತ್ರ ತಡೆಯುವ ಹಾಗೆ ಒಳಗಿನ ಸ್ನಾಯುವನ್ನು ಮಾತ್ರ ಬಿಗಿಹಿಡಿದು ಮೇಲಕ್ಕೆಳೆದು, ಹಿಡಿದು, ಪೂರ್ತಿ ಬಿಡಬೇಕು. ಅಕ್ಕ ಮೊದಲ ದಿನ ತೊಡೆ ಬಿಗಿದಳು, ಉಸಿರು ಕಟ್ಟಿದಳು, ಹುಬ್ಬು ಗಂಟಿಕ್ಕಿದಳು. "ಮುಖದಿಂದ ಮೂತ್ರ ತಡೆಯೋಕಾಗಲ್ಲ," ಎಂದಳು ಹೇಳಿಕೊಡುವವಳು. ಹತ್ತಾರು ಜನರನ್ನು ಹೀಗೆಯೇ ಗದರಿಸಿದ ಅಕ್ಕನಿಗೆ ಗದರಿಸಿಕೊಳ್ಳುವುದು ಹೊಸದು. ಮೂಗು ಮುರಿದಳು, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ಪಾತ್ರೆ ತೊಳೆಯುವಾಗ, ಮಗು ತೂಗುವಾಗ, ಭಾವನ ಮಾತು ಕೇಳುವಾಗ ಮಾಡುತ್ತಿದ್ದಳು. ಯಜಮಾನರಿಗೆ ತಾನೇ ಫೋನು ಮಾಡಿ, "ಮೈ ಇನ್ನೂ ಕೂಡಿಲ್ಲ, ಇನ್ನೆರಡು ತಿಂಗಳು ಬೇಕು," ಎಂದಳು. ಅವರು ಗೊಣಗಿದರು. ಇನ್ನೊಬ್ಬನನ್ನು ಇಟ್ಟು ನೋಡಿ, ಅವನು ಗೇಟಿಗೆ ಗುದ್ದಿಸಿದ ಮೇಲೆ ಗೊಣಗುವುದನ್ನು ನಿಲ್ಲಿಸಿದರು.

ಒಂದು ದಿನ ಅಕ್ಕ ಜೋರಾಗಿ ಸೀನಿ, ಸ್ತಬ್ಧಳಾಗಿ ನಿಂತು, ನನ್ನ ಕಡೆ ತಿರುಗಿ "ಏನೂ ಇಲ್ಲ," ಎಂದಳು. ಹಾಗೆಂದು ಒಂದೇಟಿಗೆ ಎಲ್ಲ ಸರಿಹೋಗಲಿಲ್ಲ. ಭಾರ ಎತ್ತಿದರೆ ಆಗಾಗ ಒಂದೆರಡು ಹನಿ ಹೋಗುತ್ತಿತ್ತು. ಆದರೂ ನೆಲಮಾಳಿಗೆಯವಳು ಪರೀಕ್ಷೆ ಮಾಡಿ, ಮೊದಮೊದಲು ಅರ್ಧ ದಿನದಂತೆ ಕೆಲಸಕ್ಕೆ ಹೋಗಬಹುದು, ವ್ಯಾಯಾಮ ಮಾತ್ರ ಬಿಡಬೇಡಿ ಎಂದಳು. ಅಕ್ಕನ ಮುಖ ಅರಳಿತು. ನಾನು ಚೀಲ ತೆಗೆದುಕೊಂಡೆ, ಅಕ್ಕ ಬಾಗಿಲು ತೆಗೆದಳು. ಅಷ್ಟೂ ದಿನ ಮಗುವನ್ನು ಎತ್ತಿಕೊಂಡು ನಮ್ಮ ಜೊತೆ ಬಂದು ಮೂಲೆಯಲ್ಲಿ ನಿಲ್ಲುತ್ತಿದ್ದ ಅಮ್ಮ ಮಾತ್ರ ಅಲ್ಲಿಂದ ಕದಲಲಿಲ್ಲ.

"ಈ ವ್ಯಾಯಾಮ ವಯಸ್ಸಾದವರಿಗೂ ಆಗುತ್ತಾ?" ಎಂದು ಕೇಳಿದಳು.

"ಆಗುತ್ತಮ್ಮ. ನಿಧಾನ, ಆದ್ರೆ ಆಗುತ್ತೆ. ಯಾರಿಗೆ?"

"ಯಾರೋ ಒಬ್ರಿಗೆ."

ಹೇಳಿಕೊಡುವವಳು ಅಮ್ಮನನ್ನು ಒಂದು ಕ್ಷಣ ನೋಡಿದಳು. "ಅವರಿಗೆ ಎಷ್ಟು ದಿನದಿಂದ ಇದೆ?"

ಅಮ್ಮ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದಳು. "ಇವಳು ಹುಟ್ಟಿದಾಗಿಂದ," ಎಂದಳು. "ಇವಳನ್ನೂ ಎಳೆದೇ ತೆಗೆದದ್ದು. ಇಕ್ಕಳ ಹಾಕಿ."

ನನಗೆ ಅಳು ಬಂತು, ಸಿಟ್ಟೂ ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ಅಕ್ಕ ಬಾಗಿಲು ಮುಚ್ಚಿ ವಾಪಸ್ಸು ಬಂದಳು. ಅಮ್ಮನ ಕೈಯಿಂದ ಮಗುವನ್ನು ತೆಗೆದು ನನಗೆ ಕೊಟ್ಟಳು. ಅಮ್ಮನನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಕುರ್ಚಿ ಎಳೆದು ಅವಳ ಪಕ್ಕದಲ್ಲಿ ತಾನೂ ಕೂತಳು.

"ಇವರಿಗೆ ಮೊದಲಿಂದ ಹೇಳಿಕೊಡಿ," ಎಂದಳು. "ನಾವು ಕಾಯ್ತೀವಿ."