ಬೋರ್ಡಿನ ಮೂರನೆಯ ಸಾಲು

ಸುರಪುರದಲ್ಲಿ ಅಬ್ಬಾನ ಟೈಲರ್ ಅಂಗಡಿಯ ಹಳೇ ಬೋರ್ಡಿನಲ್ಲಿ ಮೂರು ಸಾಲುಗಳಿದ್ದವು. ಮೇಲೆ ಕನ್ನಡ, ನಡುವೆ ಇಂಗ್ಲಿಷ್, ಕೆಳಗೆ ಉರ್ದು. ಮೂರನೆಯ ಸಾಲು ನನಗೆ ಇವತ್ತಿಗೂ ಓದಲು ಬರುವುದಿಲ್ಲ. ಮನೆಯಲ್ಲಿ ಜಗಳ, ನಗು ಎಲ್ಲ ದಖನಿ ಉರ್ದುವಿನಲ್ಲೇ. ಅಬ್ಬಾನಂತೆ ನಾನೂ ಓದಿದ್ದು ಮಾತ್ರ ಕನ್ನಡ ಶಾಲೆಯಲ್ಲಿ. ಈಗ ಶಹಾಪುರದ ಹೈಸ್ಕೂಲಿನಲ್ಲಿ ಕನ್ನಡ ಟೀಚರು.

ರಸ್ತೆ ಅಗಲ ಮಾಡಲು ಹಳೇ ಅಂಗಡಿ ಒಡೆದರು. ಅದೇ ಊರಿನ ರಂಗಂಪೇಟೆಯ ಹೊಸ ಕಾಂಪ್ಲೆಕ್ಸಿನಲ್ಲಿ, ಒಂದೇ ನಮೂನೆಯ ಮಳಿಗೆಗಳ ಸಾಲಿನಲ್ಲಿ, ಅಬ್ಬಾನಿಗೂ ಒಂದು ಸಿಕ್ಕಿತು. ಬೋರ್ಡಿನ ಕೆಲಸ ನನ್ನ ಹೆಗಲಿಗೆ ಬಿತ್ತು. ಕನ್ನಡ ದೊಡ್ಡದಾಗಿ ಇರಬೇಕೆಂಬ ನಿಯಮಕ್ಕೆ ನನ್ನ ತಕರಾರಿರಲಿಲ್ಲ, ಖುಷಿಯೇ ಇತ್ತು. ತೊಡಕಾದದ್ದು ಕೆಳಗಿನ ಸಾಲು.

ಫ್ಲೆಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ಉರ್ದು ಹಾಕಿ ತೋರಿಸಿದ. ಹಳೇ ಬೋರ್ಡಿನಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದ ಅಕ್ಷರಗಳು ಇಲ್ಲಿ ಬಿಡಿಬಿಡಿಯಾಗಿ ನಿಂತಿದ್ದವು.

“ಬರೋಬರಿ ಅದ ಏನ್ರಿ ಮೇಡಮ್? ನಿಮ್ಮ ಭಾಷಾ, ನೀವೇ ನೋಡ್ರಿ.”

ಓದಲು ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಾಚಿಕೆ ಬಿಡಲಿಲ್ಲ. ಯಾತಕ್ಕೆ ನಾಚಿಕೆ, ಯಾರ ಮುಂದೆ, ಅದೂ ತಿಳಿಯಲಿಲ್ಲ. ತಲೆಯಾಡಿಸಿದೆ, ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿಲ್ಲ. ಅವನು ಮತ್ತೆ ಕೇಳಿದ.

“ಆ ಸಾಲು ತಗದುಬಿಡ್ರಿ,” ಎಂದೆ. “ಈಗ ಅದನ್ನ ಯಾರ್ ಓದ್ತಾರ?”

ಹೊಸ ಬೋರ್ಡು ನೋಡಿದ ಅಬ್ಬಾ ಕೊರಳಿನ ಟೇಪು ತೆಗೆದು ಮತ್ತೆ ಹಾಕಿಕೊಂಡರು. ಹೋಗಿ ಹೊಲಿಗೆಗೆ ಕೂತರು.

ಭಾನುವಾರ ನಾನೂ ಅಂಗಡಿಯಲ್ಲಿದ್ದೆ. ಅಮ್ಮಿ ಊಟದ ಡಬ್ಬಿ ಹಿಡಿದು ಹೊಸ ಅಂಗಡಿಗೆ ಮೊದಲ ಸಲ ಒಬ್ಬಳೇ ಹೊರಟಿದ್ದಳು. ಎಷ್ಟು ಹೊತ್ತಾದರೂ ಬರಲಿಲ್ಲ. ಹುಡುಕುತ್ತ ಹೋದರೆ, ಕೊನೆಯ ಗೊಬ್ಬರದ ಅಂಗಡಿಯ ಕಟ್ಟೆಯ ಮೇಲೆ ತೊಡೆಯಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದಳು. ನಮ್ಮ ಕಪ್ಪು ಗಾಜಿನ ಬಾಗಿಲ ಮುಂದೆ ಎರಡು ಸಲ ಹಾದುಹೋಗಿದ್ದಳಂತೆ. ಸ್ವಂತ ಗಂಡನ ಅಂಗಡಿ ಯಾವುದೆಂದು ಮಂದಿಯನ್ನು ಕೇಳಲು ಅವಳಿಗೂ ನಾಚಿಕೆ.

“ನಮ್ಮ ಸಾಲು ಹುಡುಕುತ್ತಿದ್ದೆ,” ಎಂದಳು ದಖನಿಯಲ್ಲಿ. ನೋಡಿ, ಅದನ್ನೂ ನಾನು ಕನ್ನಡದಲ್ಲೇ ಬರೆಯಬೇಕು.

ಅಮ್ಮಿ ಕಲಿತಿದ್ದು ಬಲದಿಂದ ಎಡಕ್ಕೆ ಬರೆಯುವ ಉರ್ದು ಅಕ್ಷರ ಮಾತ್ರ. ಮದುವೆಯಾದ ಹೊಸತರಲ್ಲಿ ಅವಳು ಚೀಟಿಯಲ್ಲಿ ಬರೆದುಕೊಟ್ಟದ್ದನ್ನೇ ಪೇಂಟರ್ ನೋಡಿಕೊಂಡು ಹಳೇ ಬೋರ್ಡಿಗೆ ಬರೆದಿದ್ದನಂತೆ. ಅಬ್ಬಾ ಇದನ್ನು ಹೇಳಿದ್ದು ಅವತ್ತು. ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. “ನೀನು ಕಲಿತವಳು, ಯೋಚಿಸಿಯೇ ತೆಗೆಸಿರುತ್ತೀ ಅಂದುಕೊಂಡೆ,” ಎಂದರು.

ನನಗೆ ನನ್ನ ಮೇಲೇ ಸಿಟ್ಟು ಬಂತು. ಊರ ಮಕ್ಕಳಿಗೆಲ್ಲ ಕನ್ನಡ ಕಲಿಸುವ ನಾನು ಅಮ್ಮಿಗೆ ಒಂದಕ್ಷರ ಕಲಿಸಿರಲಿಲ್ಲ, ಅವಳಿಂದ ಒಂದಕ್ಷರ ಕಲಿತಿರಲೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಆ ಬುಡ ನಾನೇ. ಕನ್ನಡ ನನ್ನದು, ಅದರಲ್ಲಿ ಸಂಶಯವಿಲ್ಲ. ಹಾಗಾದರೆ ನಾನು ತೆಗೆಸಿದ್ದು ಯಾರದು?

ಅಮ್ಮಿ ಬೋರ್ಡಿನ ಕೆಳಗೆ ನಿಂತು ತುಂಬ ಹೊತ್ತು ನೋಡಿದಳು.

“ಅಪ್ನಾ ಕೌನ್ಸಾ, ಬೇಟಾ?”

ಇಷ್ಟು ಅಕ್ಷರಗಳಲ್ಲಿ ನಮ್ಮದು ಯಾವುದು ಎಂದು. ಮೊದಲ ಅಕ್ಷರವೊಂದನ್ನು ತೋರಿಸಿದರೆ ಸಾಕು, ಮುಂದಿನ ಸಲ ಗುರುತು ಹಿಡಿಯುತ್ತೇನೆ ಎಂದಳು. ಕನ್ನಡದ ಮೊದಲ ಅಕ್ಷರ ತೋರಿಸಿದೆ. ಅವಳು ಡಬ್ಬಿಯ ಮುಚ್ಚಳದ ಮೇಲೆ ಬೆರಳಿಟ್ಟು ಅದನ್ನು ತಿದ್ದತೊಡಗಿದಳು, ಬಲದಿಂದ ಎಡಕ್ಕೆ.