ಡಿ ಡ್ರೈವಿನಲ್ಲಿದ್ದ ಪಂಡರಿ

ಹುಮನಾಬಾದಿನ ಧನರಾಜಣ್ಣನ ಮುಖದಲ್ಲಿ ನಾನು ಎಂದೂ ಹುರುಪು ನೋಡಿಲ್ಲ. ಯಾವಾಗಲೂ ಜೋಲು ಮೋರೆ, ಹೆಗಲಿಗೆ ರೆಕ್ಸಿನ್ ಚೀಲ, ಅದರೊಳಗೆ ನಾಲ್ಕು ಸ್ಕ್ರೂಡ್ರೈವರು, ಒಂದು ಹಳೆಯ ಹಾರ್ಡ್ ಡಿಸ್ಕು. ಹಳ್ಳಿಖೇಡದಿಂದ ನಮ್ಮ ಬಸವಕಲ್ಯಾಣದವರೆಗೆ ಯಾರ ಕಂಪ್ಯೂಟರ್ ಕೆಟ್ಟರೂ ಬಸ್ಸು ಹತ್ತಿ ಅವನೇ ಬರಬೇಕು. ಬಂದ ಕೂಡಲೇ ಎಲ್ಲರದೂ ಒಂದೇ ಮಾತು: "ಏನರ ಮಾಡ್ರಿ, ಒಳಗಿಂದು ಒಂದೂ ಹೋಗಬಾರದು ನೋಡ್ರಿ." ವರ್ಷಗಟ್ಟಲೆ ಇದನ್ನೇ ಕೇಳಿದರೆ ಯಾರ ಮೋರೆಯಾದರೂ ಜೋಲುಬಿದ್ದೀತು.

ನಮ್ಮ ಅಣ್ಣ ಓಂಪ್ರಕಾಶನದು ಫೋಟೋ ಸ್ಟುಡಿಯೋ. ಮದುವೆ ವಿಡಿಯೋಗಳನ್ನು ಕಂಪ್ಯೂಟರಿಗೆ ಇಳಿಸಿ, ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಎರಡು ಸಾವಿರದ ನಾಲ್ಕರಲ್ಲಿ ಆ ಕಂಪ್ಯೂಟರ್ ನನ್ನ ಜೀವ ಹಿಂಡುತ್ತಿತ್ತು. ಇದ್ದದ್ದು ಒಂದೇ ಡಿಸ್ಕು, ಅದರಲ್ಲಿ ಸಿ ಮತ್ತು ಡಿ ಎಂದು ಎರಡು ಭಾಗ. ಸಿ ತುಂಬಿ ತುಳುಕುತ್ತಿತ್ತು. ಡಿಯಲ್ಲಿ ಜಾಗವಿತ್ತು, ಆದರೆ ಅದು ಹಳೆಯ ನಮೂನೆಯದು, ನಾಲ್ಕು ಜಿಬಿಗಿಂತ ದೊಡ್ಡ ಫೈಲು ಹಿಡಿಯುತ್ತಿರಲಿಲ್ಲ. ಯಾರ ಮದುವೆ ಇಳಿಸಿದರೂ ಅಕ್ಷತೆ ಬೀಳುವ ಹೊತ್ತಿಗೆ ನಿಂತುಬಿಡುತ್ತಿತ್ತು, ಹಾಳಾದ್ದು! ಒಳಗಿರುವುದನ್ನು ಅಳಿಸದೆ ಡಿಯ ನಮೂನೆ ಬದಲಿಸಬೇಕು, ಅದರ ಜಾಗದಲ್ಲಿ ಒಂದಿಷ್ಟನ್ನು ಸಿಗೆ ಸರಿಸಬೇಕು. ಅದಕ್ಕೆಂದು ಧನರಾಜಣ್ಣನನ್ನು ಕರೆಸಿದೆವು.

ಕೂತವನೇ ಕೇಳಿದ, "ಇದರಾಗ ಯಾವುದು ಹೋದ್ರ ನೀವು ಅಳ್ತೀರಿ? ಒಂದ ಹೇಳ್ರಿ."

"ಎಲ್ಲಾ ಬೇಕ್ರಿ," ಅಂದ ಅಣ್ಣ.

"ಎಲ್ಲಾ ತೆಗೆದಿಡಾಕ ನನ್ನ ಡಿಸ್ಕಿನಾಗ ಜಾಗ ಇಲ್ರಿ. ಒಂದ ಹೇಳ್ರಿ."

ನಾನು ಪಂಡರಿಯ ಹೆಸರು ಹೇಳಿದೆ. ದುಬಲಗುಂಡಿಯಲ್ಲಿ ಕುರಿ ಸಾಕಿಕೊಂಡಿದ್ದ ಪಂಡರಿ ಮಗಳು ಮನಿಷಾಳ ಮದುವೆಗೆ ನಮ್ಮಿಂದ ವಿಡಿಯೋ ಮಾಡಿಸಿದ್ದ. ತಿಂಗಳು ತುಂಬುವುದರೊಳಗೆ ಎದೆನೋವೆಂದು ಹೋಗಿಬಿಟ್ಟ. ಫೋಟೋ ಎಂದರೆ ತಪ್ಪಿಸಿಕೊಂಡು ಓಡುವ ಆಸಾಮಿ, ಮನೆಯಲ್ಲಿ ಅವನದೊಂದು ಚಿತ್ರವೂ ಇರಲಿಲ್ಲ. ನಮ್ಮ ಅಣ್ಣನೋ, ವರ್ಷವಾಗುತ್ತ ಬಂದರೂ ಇವತ್ತು ನಾಳೆ ಎಂದು ಮದುವೆ ಸಿಡಿ ಕೊಡದೆ ಸತಾಯಿಸಿದ್ದಲ್ಲದೆ, ಅದೇ ಕ್ಯಾಸೆಟ್ಟಿನ ಮೇಲೆ ಇನ್ನೊಬ್ಬರ ಮದುವೆ ತೆಗೆದುಬಿಟ್ಟಿದ್ದ. ಎಂಥ ಭಂಡ! ಪಂಡರಿ ಈಗ ಉಳಿದಿದ್ದದ್ದು ನಮ್ಮ ಡಿಯೊಳಗೆ ಮಾತ್ರ. ಅವನ ಹೆಂಡತಿ ಸುಮನಬಾಯಿ ಗಂಡನನ್ನು ನೋಡಲು ಅಂದು ಸಂಜೆಯೇ ಬರುವವಳಿದ್ದಳು.

ಇನ್ನೂ ಕತ್ತರಿಸಿ ಜೋಡಿಸಿರದ ಆ ಫೈಲು ಸಿಡಿಯಲ್ಲಿ ಹಿಡಿಯುವಂಥದ್ದಲ್ಲ. ಧನರಾಜಣ್ಣ ಚೀಲದಿಂದ ತನ್ನ ಡಿಸ್ಕು ತೆಗೆದು ಜೋಡಿಸಿದ. ಅದರ ತುಂಬ ಅವನು ಹೈದರಾಬಾದಿಗೆ ಹೋದಾಗಲೆಲ್ಲ ಕೂಡಿಸಿ ತಂದ ಸಾಫ್ಟ್‌ವೇರುಗಳು. ಯಾವ ಕಂಪನಿಯ ಪ್ರಿಂಟರಿಗೆ ಯಾವುದು, ಯಾವ ಕಂಪ್ಯೂಟರಿನ ಸೌಂಡಿಗೆ ಯಾವುದು, ಎಲ್ಲವೂ ಅಲ್ಲಿದ್ದವು. ಅವನ ಹೊಟ್ಟೆಪಾಡು ನಡೆಯುತ್ತಿದ್ದದ್ದೇ ಅವುಗಳಿಂದ. ಅರ್ಧದಷ್ಟನ್ನು ಅಳಿಸಿ ಪಂಡರಿಗೆ ಜಾಗ ಮಾಡಿದ.

"ಅಯ್ಯ, ಯಾಕಣ್ಣಾ!" ಅಂದೆ.

"ಇರಲಿ ಬಿಡವಾ. ಮತ್ತ ಕೂಡಸೂದು, ಇನ್ನೇನು," ಅಂದ. ಆ ದನಿ ಕೇಳಿ ನನಗೇ ಸುಸ್ತಾಯಿತು.

ಆಮೇಲೆ ಕೈಕಟ್ಟಿ ಕೂತ. ಕರೆಂಟು ಒಮ್ಮೆ ಹೋಗಿ ಬರುವ ತನಕ ಅವನು ಇಂಥ ಕೆಲಸಕ್ಕೆ ಕೈಹಾಕುವವನಲ್ಲ. ಹೋಗಿ ಬಂದರೆ ಮತ್ತೆ ಹೋಗುವ ತನಕ ಒಂದಿಷ್ಟು ಪುರಸೊತ್ತು ಸಿಗುತ್ತದಲ್ಲ. ಹೋಯಿತು, ಬಂತು. ಡಿಯ ನಮೂನೆ ಬದಲಾಯಿತು, ಒಂದು ಫೈಲೂ ಅಲುಗಲಿಲ್ಲ. ಇನ್ನು ಉಳಿದದ್ದು ಜಾಗ ಸರಿಸುವುದು. ಪರದೆಯ ಮೇಲೆ ನೀಲಿ ಪಟ್ಟಿ ತೆವಳತೊಡಗಿತು. "ಇದು ಮುಗಿಯೂತನಕ ಯಾರೂ ಯಾವ ಬಟನ್ ಒತ್ತಬ್ಯಾಡ್ರಿ, ಲೈಟಿಂದೂ ಬ್ಯಾಡ," ಅಂದ.

ಗಿರಾಕಿಯ ದನಿ ಕೇಳಿದರೆ ನಮ್ಮ ಅಣ್ಣನಿಗೆ ಬೇರೆ ಯಾವುದೂ ಕೇಳುವುದಿಲ್ಲ. ಯಾರೋ ಪಾಸ್‌ಪೋರ್ಟ್ ಫೋಟೋಕ್ಕೆ ಬಂದರು. ಒಳಗೆ ಕರೆದುಕೊಂಡು ಹೋಗಿ ಎರಡೂ ದೊಡ್ಡ ಲೈಟು ಹಾಕಿದ. ಫ್ಯೂಸ್ ಹಾರಿತು. ನಮ್ಮ ಮುದಿ ಯುಪಿಎಸ್ ಎರಡು ಸಲ ಕಿರುಚಿ ಸುಮ್ಮನಾಯಿತು.

"ನಿನಗ ಅಕಲ್ ಅದ ಏನಣ್ಣಾ? ಈಗ ಹೇಳಿದ್ದಿಲ್ಲೇನು ಅವರು!" ಎಂದು ಗಿರಾಕಿಯ ಎದುರಿಗೇ ಕೂಗಾಡಿದೆ.

ಫ್ಯೂಸ್ ಕಟ್ಟಿ ಮತ್ತೆ ಚಾಲೂ ಮಾಡಿದರೆ ಡಿ ತೆರೆಯಲೇ ಇಲ್ಲ. ಧನರಾಜಣ್ಣ ಏನೇನೋ ಮಾಡಿ ನೋಡಿದ, ಊಟಕ್ಕೂ ಏಳಲಿಲ್ಲ. ಹೊತ್ತು ಇಳಿಯಿತು. ವಿಡಿಯೋಕ್ಕೆ ಹಾಕುವ ಹಾಡು ಹೋದವು, ಹೂವಿನ ಚೌಕಟ್ಟು ಹೋದವು, ಇಂಥವನನ್ನು ಯಾಕಾದರೂ ಕರೆದೆನೋ ಎಂದು ಅಣ್ಣ ಅವನನ್ನೇ ಬೈದ. ಆ ಮನುಷ್ಯ ತಪ್ಪು ತನ್ನದೇ ಎಂಬಂತೆ ತಲೆ ಬಗ್ಗಿಸಿ ವೈರು ಬಿಚ್ಚಿ ಜೋಡಿಸುತ್ತಿದ್ದ. ಬಾಯಿ ಸತ್ತಿದೆಯೇ ಇವನಿಗೆ ಎಂದು ನನಗೆ ಅವನ ಮೇಲೂ ಸಿಟ್ಟು ಬಂತು.

ಅಷ್ಟರಲ್ಲಿ ಸುಮನಬಾಯಿ ಬಂದಳು. ಧನರಾಜಣ್ಣ ಅವಳಿಗೆ ಕುರ್ಚಿ ಬಿಟ್ಟುಕೊಟ್ಟು, ತನ್ನ ಡಿಸ್ಕಿನಲ್ಲಿದ್ದ ಮದುವೆ ಹಚ್ಚಿದ. ಹಂದರದ ಮಗ್ಗುಲಲ್ಲಿ ಪಂಡರಿ ಅನ್ನದ ಬುಟ್ಟಿ ಹಿಡಿದು ಹೊರಟಿದ್ದ. ಕ್ಯಾಮೆರಾ ಕಂಡದ್ದೇ ಕೈಬೀಸಿ ಬೈದ: "ಏ, ನನ್ನ ಯಾಕ ತೆಗಿತಿ? ಹೋಗು ಅಕಡಿ, ಹುಡುಗೀನ ತೆಗಿ!" ಇಡೀ ಮದುವೆಯಲ್ಲಿ ಅವನಿದ್ದದ್ದು ಅಷ್ಟೇ.

ಸುಮನಬಾಯಿ ಸೆರಗು ಬಾಯಿಗೆ ಹಿಡಿದು ನಕ್ಕಳು, ನಗುತ್ತಲೇ ಅತ್ತಳು. "ಮತ್ತ ಹಚ್ರಿ," ಅಂದಳು. ಮತ್ತೆ ಮತ್ತೆ ಹಚ್ಚಿಸಿದಳು. ಆಮೇಲೆ ಕೇಳಿದಳು, "ಇದು ಎಷ್ಟು ವರ್ಷ ಬಾಳ್ತದ್ರಿ ಅಣ್ಣಾ?"

"ಡಿಸ್ಕು ನಾಲ್ಕೈದು ವರ್ಷ ಬಾಳ್ತದ್ರಿ ಅಕ್ಕಾ."

"ಸಾಲಂಗಿಲ್ರಿ. ನಮ್ಮ ಮನಿಷಾಗ ದಿನ ತುಂಬ್ಯಾವ. ಹುಟ್ಟೂ ಕೂಸಿಗಿ ತಿಳಿವಳಿಕಿ ಬರೂತನಕ ಬೇಕು. ನಮ್ಮ ಮನ್ಯಾಗ ಇದನ್ನ ನೋಡೂ ಮಷೀನ್ ಇಲ್ರಿ."

ಧನರಾಜಣ್ಣ ಅಂಗೈಯಿಂದ ಮುಖ ಒರೆಸಿಕೊಂಡ. "ನನ್ನ ಹಂತ್ಯಾಕ ಇಟ್ಟಿರ್ತೀನಿ. ಇದು ಹಳೇದಾದ್ರ ಇನ್ನೊಂದಕ್ಕ ಹಾಕ್ತೀನಿ. ಕೂಸಿನ ಕರಕೊಂಡು ಹುಮನಾಬಾದಿಗಿ ಬರ್ರಿ," ಅಂದ.

ಅಣ್ಣ ಮುಂದೆ ಅವನನ್ನು ಕರೆಯಲಿಲ್ಲ. ವರ್ಷಗಳಾದ ಮೇಲೆ ನಾನೇ ಒಂದು ಕೆಲಸಕ್ಕೆ ಹುಮನಾಬಾದಿನ ಅವನ ಅಂಗಡಿಗೆ ಹೋದೆ. ಅದೇ ಜೋಲು ಮೋರೆ, ತಲೆ ಮಾತ್ರ ಬೆಳ್ಳಗಾಗಿತ್ತು. ಮದುವೆ ಎರಡನೆಯ ಡಿಸ್ಕಿಗೆ ಬಂದಿತ್ತು. ಪರದೆಯ ಮುಂದೆ ಸುಮನಬಾಯಿ, ಅವಳ ತೊಡೆಯ ಮೇಲೆ ಮೊಮ್ಮಗಳು. ಪಂಡರಿ ಕೈಬೀಸಿದ್ದೇ ಮಗು ಹೆದರಿ ಅಜ್ಜಿಯ ಎದೆಗೆ ಒತ್ತಿಕೊಂಡಿತು.

"ಅಜ್ಜ ಯಾಕ ನನಗ ಹೋಗು ಅನ್ನಾಕತ್ತಾನ?"

"ನಿನಗಲ್ಲವಾ," ಅಂದಳು ಸುಮನಬಾಯಿ. "ನಿಮ್ಮವ್ವ ಎಷ್ಟ ಛಂದ ಕಾಣಾಕತ್ತಾಳ, ಅಕೀನ ನೋಡ್ರಿ ಅನ್ನಾಕತ್ತಾನ."