ಅಕ್ಕನ ಫೋಟೋ ತೆಗೆಸಲು ಹೋಗಿ

ಕುರುಬರಹಳ್ಳಿಯ ಒಂದು ಸೀಮಂತದಲ್ಲಿ ನಮ್ಮಕ್ಕ ಎದುರು ಸಾಲಲ್ಲಿ ಕೂತಿದ್ದಳು. ಅವಳ ಸೊಸೆ ಜಗಳ ಆಡಿ ತವರಿಗೆ ಹೋದದ್ದನ್ನು ನಾನು ಬೀದಿಗೆಲ್ಲ ಹೇಳಿದೆ ಅಂತ ಒಂಬತ್ತು ವರ್ಷದಿಂದ ನನ್ನ ಹತ್ತಿರ ಮಾತಿಲ್ಲ. ಹೇಳಿದ್ದು ಸುಳ್ಳೇನಲ್ಲವಲ್ಲ! ಆದರೆ ಈಗ ತೀರಾ ಸೊರಗಿದ್ದಾಳೆ. ಅವಳ ಮುಖದ್ದೊಂದು ಫೋಟೋ ನನ್ನ ಹತ್ತಿರ ಇರಲಿ ಅನ್ನಿಸಿತು.

ಫೋಟೋದವನನ್ನು ಕರೆದು, "ಇಲ್ಲಿಂದಲೇ ದೊಡ್ಡದಾಗಿ ತೆಗಿಯಪ್ಪ, ಅವಳಿಗೆ ಗೊತ್ತಾಗಬಾರದು" ಅಂದೆ.

"ಇದು ಜೂಮ್ ಲೆನ್ಸ್ ಅಲ್ಲ ಅಜ್ಜಿ, ಪ್ರೈಮು. ನಾನೇ ಹತ್ತಿರ ಹೋಗ್ಬೇಕು. ಆದ್ರೆ ಸಖತ್ ಕ್ಲಿಯರ್ ಬರುತ್ತೆ."

"ಜೂಮ್ ತರೋಕೆ ಏನಾಗಿತ್ತೋ ನಿಂಗೆ?"

"ದಿನಾ ಹೊರೋಕೆ ಭಾರ ಅಜ್ಜಿ."

ಹೋದವನು ನನ್ನ ಕಡೆ ಕೈ ತೋರಿಸಿ, "ಅವ್ರಿಗೆ ನಿಮ್ಮ ಫೋಟೋ ಬೇಕಂತೆ" ಅಂದುಬಿಟ್ಟ. ಅಕ್ಕ ನನ್ನನ್ನೇ ನೋಡುತ್ತಾ ಮುಖದ ಮೇಲೆ ಸೆರಗು ಎಳೆದುಕೊಂಡಳು.

ಆ ಫೋಟೋದಲ್ಲಿ ಸೆರಗಿನ ಎಳೆ ಎಳೆಯೂ ಕಾಣುತ್ತದೆ, ಮುಖ ಇಲ್ಲ. ಕೇಳಿದವರಿಗೆಲ್ಲ, ಸೀರೆ ಚೆನ್ನಾಗಿತ್ತು, ಅದಕ್ಕೇ ತೆಗೆಸಿದೆ ಅನ್ನುತ್ತೇನೆ.